ಮಾದರಿ ನಮೂದು

ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವನಿಗೆ ಅನ್ನಿಸಿತ್ತು, ಇವತ್ತು ಯಾರೋ ತನ್ನನ್ನು ಏನೋ ಕೇಳಲಿದ್ದಾರೆ ಎಂದು. ಏನು ಎನ್ನುವುದು ಹೊಳೆಯಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಪಕ್ಕದವನ ಕೈಗಡಿಯಾರದಲ್ಲಿ ಕದ್ದು ಹೊತ್ತು ನೋಡಿದಾಗ, ಕಚೇರಿಯ ಎರಡನೆಯ ಮಹಡಿಗೆ ಹತ್ತುತ್ತ ಹದಿನಾಲ್ಕನೆಯ ಮೆಟ್ಟಿಲಲ್ಲಿ ಎಂದಿನಂತೆ ನಿಂತು ಉಸಿರು ತೆಗೆದುಕೊಂಡಾಗ, ಆ ಅನ್ನಿಸಿಕೆ ಕ್ಷೌರದ ನಂತರ ಅಂಗಿಯೊಳಗೆ ಉಳಿದ ಕೂದಲಿನ ಹಾಗೆ ಚುಚ್ಚುತ್ತಲೇ ಇತ್ತು. ಐವತ್ತೊಂಬತ್ತು ವರ್ಷದವನಿಗೆ ಯಾರು ಏನು ಕೇಳಿಯಾರು? ಒಂದು ಕಾಲದಲ್ಲಿ ಎಲ್ಲರೂ ಕೇಳುತ್ತಿದ್ದರು, ಮದುವೆ ಯಾವಾಗ, ಬಡ್ತಿ ಯಾವಾಗ, ನಿಮ್ಮಕ್ಕ ಹೇಗಿದ್ದಾರೆ ಎಂದು. ಈಗ ಕೇಳುವವರೂ ಸುಸ್ತಾಗಿ ಬಿಟ್ಟುಬಿಟ್ಟಿದ್ದರು. ಮೇಜಿನ ಮುಂದೆ ಕೂತು, ಪೆನ್ಸಿಲಿನ ಮೊನೆ ಹೆರೆದು, ಹೆರೆದ ಪುಡಿಯನ್ನು ಅಂಗೈಗೆ ಒರೆಸಿಕೊಂಡು ಬುಟ್ಟಿಗೆ ಹಾಕಿದ. ಕಿಟಕಿಯಾಚೆ ಎದುರು ಕಟ್ಟಡದ ಗೋಡೆಯಲ್ಲದೆ ಬೇರೇನೂ ಕಾಣುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಆ ಗೋಡೆಯನ್ನು ನೋಡುತ್ತ ಅವನು ಈ ಸಮಾಜವಿಜ್ಞಾನದ ತ್ರೈಮಾಸಿಕದಲ್ಲಿ ಆಕರ ನೋಡುವವನಾಗಿದ್ದಾನೆ.

ಲೇಖನ ಬರೆದವರು ಲೋಕವನ್ನೇ ತಿದ್ದಲು ಹೊರಟಿರುತ್ತಾರೆ. ಅವನು ಅವರ ಕೊನೆಯ ಎರಡು ಪುಟಗಳನ್ನು ತಿದ್ದುತ್ತಾನೆ. ಯಾರು ಬರೆದದ್ದು, ಯಾವ ವರ್ಷ, ಪುಸ್ತಕದ ಹೆಸರೇನು, ಅಚ್ಚು ಹಾಕಿದವರಾರು, ಎಷ್ಟನೆಯ ಪುಟ. ಮನೆತನದ ಹೆಸರು ಮೊದಲು, ಆಮೇಲೆ ಅಲ್ಪವಿರಾಮ, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ, ಆಮೇಲೆ ಚುಕ್ಕಿ. ಇದರಲ್ಲಿ ಅವನು ಯಾರ ಮುಲಾಜನ್ನೂ ಇಟ್ಟುಕೊಂಡವನಲ್ಲ. ಹೆಸರಾಂತ ಪ್ರಾಧ್ಯಾಪಕರಿಗೂ ಫೋನು ಮಾಡಿ 'ನೀವು ಹೇಳಿದ ಪುಟದಲ್ಲಿ ಆ ಮಾತಿಲ್ಲವಲ್ಲ ಸರ್' ಎಂದು ಅವರ ಬೆವರಿಳಿಸಿದ್ದಾನೆ. ಕಚೇರಿಯಲ್ಲಿ ಅವನಿಗೆ ಅಲ್ಪವಿರಾಮ ಎಂದೇ ಅಡ್ಡಹೆಸರು. ಪುಟ ಕಟ್ಟುವವನು 'ಅಲ್ಪವಿರಾಮ ಬಂತಾ?' ಎಂದು ಕೇಳುವುದೂ ಉಳಿದವರು ನಗುವುದೂ ಬಾಗಿಲ ಸಂದಿಯಿಂದ ಅವನಿಗೆ ಎಷ್ಟೋ ಸಲ ಕೇಳಿಸಿದೆ. ಅದು ಅವನಿಗೆ ನೋವಿನ ವಿಷಯವೇನಲ್ಲ ಎಂದು ಅವನು ಅಂದುಕೊಂಡಿದ್ದಾನೆ. ಅವನದು ಒಂದೇ ವ್ರತ: ಪುಸ್ತಕವನ್ನು ತಾನೇ ಕಣ್ಣಾರೆ ಕಂಡು, ಹೇಳಿದ ಪುಟ ತೆಗೆದು, ಹೇಳಿದ ಮಾತು ಅಲ್ಲಿದೆಯೆಂದು ಓದಿದ ಮೇಲೆ ಮಾತ್ರ ಆ ಸಾಲಿನ ಎಡಗಡೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು. ಕೆಳಗಿಳಿಯುವ ಗೆರೆ ಗಿಡ್ಡ, ಮೇಲೇರುವ ಗೆರೆ ಉದ್ದ, ತುದಿಯಲ್ಲಿ ಚೂರು ಬಾಗು. ಆ ಬಾಗು ಬೇರೆ ಯಾರಿಗೂ ಬರುವುದಿಲ್ಲ. ಗುರುತಿಲ್ಲದ ಆಕರ ಅಚ್ಚಿಗೆ ಹೋಗುವುದಿಲ್ಲ ಎನ್ನುವುದು ಕಚೇರಿಗೆಲ್ಲ ಗೊತ್ತು.

ಇವತ್ತಿನ ಲೇಖನ ಯಾರೋ ಕಿರಿಯ ಉಪನ್ಯಾಸಕಿಯದು. ಮನೆಯಲ್ಲಿ ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವವರ ಬಗ್ಗೆ. ಹತ್ತು ಆಕರಗಳಿಗೆ ಗುರುತು ಬಿದ್ದವು. ಹನ್ನೊಂದನೆಯದರ ಹತ್ತಿರ ಪೆನ್ಸಿಲು ನಿಂತಿತು. ಹನ್ನೊಂದು, ಹನ್ನೆರಡು, ಎರಡೂ ಒಂದೇ ಮನೆತನದ ಹೆಸರು, ಅವನದೇ ಮನೆತನ. ಹನ್ನೆರಡನೆಯದು ಅವನ ಸ್ವಂತ ಪ್ರಬಂಧ, ಡಾಕ್ಟರೇಟಿಗೆಂದು ಮೂವತ್ತು ವರ್ಷದ ಹಿಂದೆ ಬರೆದದ್ದು. ಹನ್ನೊಂದನೆಯದು ಅಕ್ಕನ ಪುಸ್ತಕ. ಅಕ್ಷರಕ್ರಮದಲ್ಲಿ ಅವಳದೇ ಮೊದಲು ಬರುತ್ತದೆ. 'ಪಕ್ಕದ ಕುರ್ಚಿ: ರೋಗಿಯ ಜೊತೆ ಕೂತವರ ಒಂದು ಅಧ್ಯಯನ.' ಅಂಥ ಪುಸ್ತಕವನ್ನು ಅಕ್ಕ ಬರೆದಿಲ್ಲ. ಬೇರೆ ಯಾರೂ ಬರೆದಿಲ್ಲ. ಅದು ಇಲ್ಲ.

ಇಲ್ಲದ ಪುಸ್ತಕವನ್ನು ಹುಟ್ಟಿಸಿದವನು ಅವನೇ. ಇಪ್ಪತ್ತೊಂದು ವರ್ಷದ ಹಿಂದೆ, ಲೇಖಕರು ಮನಸ್ಸಿಗೆ ಬಂದಂತೆ ಆಕರ ಗೀಚಿ ಕಳಿಸುತ್ತಾರೆಂದು ಆಗಿನ ಸಂಪಾದಕರು ರೇಗಿ, ಒಂದು ಮಾದರಿ ಹಾಳೆ ತಯಾರಿಸಲು ಹೇಳಿದ್ದರು. ಪುಸ್ತಕವಾದರೆ ಹೀಗೆ, ಲೇಖನವಾದರೆ ಹೀಗೆ, ಸಂದರ್ಶನವಾದರೆ ಹೀಗೆ ಎಂದು ತೋರಿಸುವ ಹಾಳೆ. ನಿಜವಾದ ಪುಸ್ತಕ ಹಾಕಿದರೆ ಅವರನ್ನು ಹಾಕಿ ನಮ್ಮನ್ನು ಬಿಟ್ಟಿರಿ ಎಂದು ವಿದ್ವಾಂಸರು ಮುಖ ಊದಿಸಿಕೊಳ್ಳುತ್ತಾರೆ, ಅದಕ್ಕೇ ಕಲ್ಪಿಸಿ ಬರೀರಿ ಎಂದಿದ್ದರು. ಅವನು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂದು ಈಗ ಹೇಳಿಕೊಳ್ಳುತ್ತಾನೆ. ಕೈ ತಾನಾಗಿ ಬರೆಯಿತು: ಮನೆತನದ ಹೆಸರು, ಅಲ್ಪವಿರಾಮ, ಅಕ್ಕನ ಮೊದಲಕ್ಷರ, ಚುಕ್ಕಿ. ಪುಸ್ತಕದ ಹೆಸರನ್ನಂತೂ ಕಲ್ಪಿಸಬೇಕಾಗಿಯೇ ಇರಲಿಲ್ಲ. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಅಮ್ಮನ ಮಂಚದ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಉದ್ದನೆಯ ನೋಟ್‌ಪುಸ್ತಕ ಇಟ್ಟುಕೊಂಡು ಅಕ್ಕ ಹೇಳಿದ್ದಳು, 'ಇದಕ್ಕೆ ಹೆಸರು ಇಟ್ಟಾಯ್ತು ಮರಿ. ಪಕ್ಕದ ಕುರ್ಚಿ.' ಅವಳೂ ಸಂಶೋಧನೆಗೆ ಹೆಸರು ಹಚ್ಚಿದ್ದವಳು, ಅವನಿಗಿಂತ ಎರಡು ವರ್ಷ ಮೊದಲೇ. ಅಮ್ಮ ಹಾಸಿಗೆ ಹಿಡಿದಾಗ ಬಿಟ್ಟಳು. ಒಬ್ಬರಾದರೂ ಮುಗಿಸೋಣ ಎಂದಳು, ಆ ಒಬ್ಬರು ಯಾರೆಂದು ಚರ್ಚೆಯೇ ಆಗಲಿಲ್ಲ. ಹದಿನಾಲ್ಕು ತಿಂಗಳು ಆ ಕುರ್ಚಿಯಲ್ಲಿ ಕೂತಳು. ಸುಮ್ಮನೆ ಕೂರಲಾರದೆ ಅಕ್ಕಪಕ್ಕದ ಮಂಚಗಳ ಜೊತೆ ಕೂತವರನ್ನೆಲ್ಲ ಮಾತಾಡಿಸಿದಳು. ಯಾರ ತಾಯಿ, ಯಾರ ಗಂಡ, ಊಟ ಎಲ್ಲಿ, ನಿದ್ದೆ ಎಲ್ಲಿ, ಸಾಯಲಿ ಎಂದು ಯಾವತ್ತಾದರೂ ಅನ್ನಿಸಿದೆಯೇ ಎಂದೂ ಕೇಳಿದಳು, ಅವರು ಹೇಳಿದರು. ನಾನ್ನೂರ ಹನ್ನೆರಡು ಜನ. ಅವನ ಪ್ರಬಂಧದಲ್ಲಿ ಅದು 'ಸಂಶೋಧಕನು ಸ್ವತಃ ನಡೆಸಿದ ನಾನ್ನೂರ ಹನ್ನೆರಡು ಸಂದರ್ಶನಗಳು' ಎಂದಿದೆ. ಮುನ್ನುಡಿಯಲ್ಲಿ 'ಮನೆಯವರ ಸಹಕಾರವನ್ನು ನೆನೆಯುತ್ತೇನೆ' ಎಂದಿದೆ. ಆ ಎರಡೂ ಸಾಲುಗಳನ್ನು ಟೈಪ್ ಮಾಡಿದವಳು ಅಕ್ಕನೇ. ಅವನು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದ. ಯಂತ್ರದ ಸದ್ದು ಎಲ್ಲಿಯೂ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ವರ್ಷ ಆದಮೇಲೆ ಅನ್ನಿಸಿತು.

ಮಾದರಿ ಹಾಳೆ ಲೇಖಕರ ಕೈಗೆ ಹೋದ ನಾಲ್ಕು ವರ್ಷಕ್ಕೆ, ಯಾರೋ ಅವಸರದವನೊಬ್ಬ ಅದರಲ್ಲಿಯೇ ತನ್ನ ಆಕರಗಳನ್ನು ತುಂಬಿಸಿ ಮಾದರಿಯ ಸಾಲನ್ನು ಅಳಿಸಲು ಮರೆತು ಕಳಿಸಿದ. ಪಟ್ಟಿಯ ಮಧ್ಯದಲ್ಲಿ ಅಕ್ಕ ಕೂತಿದ್ದಳು. ಅವನು ನಕ್ಕ. ಹೊಡೆದು ಹಾಕಲು ಪೆನ್ಸಿಲು ಎತ್ತಿದವನು ಹಾಕಲಿಲ್ಲ. ಗುರುತನ್ನೂ ಹಾಕಲಿಲ್ಲ, ಗೆರೆಯನ್ನೂ ಹಾಕಲಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಹೋದ. ಅಕ್ಕನ ಹೆಸರು ಅಚ್ಚಾಯಿತು. ಒಂದು ಸಲ ಅಚ್ಚಾದದ್ದಕ್ಕೆ ಕಾಲು ಬರುತ್ತದೆ. ಅದನ್ನು ನೋಡಿ ಇನ್ನೊಬ್ಬ ಹಾಕಿದ, ಅವನನ್ನು ನೋಡಿ ಮತ್ತೊಬ್ಬ. ಪಟ್ಟಿಯಲ್ಲಷ್ಟೇ ಇದ್ದದ್ದು ಲೇಖನದ ಒಳಕ್ಕೆ ಬಂತು, 'ಈಗಾಗಲೇ ತೋರಿಸಿಕೊಟ್ಟಂತೆ' ಎಂಬ ಮಾತಿನ ಬಾಲಕ್ಕೆ. ಆಮೇಲೆ ಪುಟಸಂಖ್ಯೆ ಬಂತು. ಮೊದಲ ಸಲ ಪುಟಸಂಖ್ಯೆ ಕಂಡ ದಿನ ಅವನು ಬೆಚ್ಚಿದ್ದ, ಆದರೆ ವಿದ್ವಾಂಸರು ಸುಳ್ಳು ಹೇಳುವುದು ಅವನಿಗೇನೂ ಹೊಸದಲ್ಲ, ಹಾಗಾಗಿ ಸಮಾಧಾನವಾಯಿತು. ಇವತ್ತಿನ ಲೇಖನದಲ್ಲಿ ಮಾತ್ರ ಉದ್ಧರಣೆಯೇ ಇತ್ತು, ಉದ್ಧರಣ ಚಿಹ್ನೆಯೊಳಗೆ, ಅಕ್ಷರಶಃ, ಪುಟ ಇನ್ನೂರ ಹದಿನಾಲ್ಕು:

"ವಾರ್ಡಿನ ಬಾಗಿಲವರೆಗೆ ಬಂದು ನಿಂತುಬಿಡುವವರದು ಬೇರೆಯೇ ಒಂದು ವರ್ಗ. ಕುರ್ಚಿ ಖಾಲಿ ಇದ್ದರೂ ಇವರು ಕೂರುವುದಿಲ್ಲ. ಬಾಗಿಲಲ್ಲೇ ನಿಂತು ತಮ್ಮ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುತ್ತಾರೆ. ಒಬ್ಬ ಮಗ ಬೂಟು ಬಿಚ್ಚದೆ ನಿಂತು ಕೇಳಿದ್ದು: ನಾಲ್ಕನೆಯ ಅಧ್ಯಾಯ ಟೈಪ್ ಆಯಿತೇ? ರೋಗಿ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದಳು."

ಅವನು ಮೂರು ಸಲ ಓದಿದ. ನಾಲ್ಕನೆಯ ಸಲ ಓದಲಾರದೆ ಕಿಟಕಿಯಾಚೆಯ ಗೋಡೆ ನೋಡಿದ. ಆ ದಿನ ಗಂಟೆ ಮೂರೋ ಮೂರೂವರೆಯೋ ಆಗಿತ್ತು. ಮಾರ್ಗದರ್ಶಕರು ನಾಳೆ ಅಧ್ಯಾಯ ಬೇಕೆಂದಿದ್ದರು, ಅವನು ಓಡಿ ಬಂದಿದ್ದ, ಬಾಗಿಲಲ್ಲಿ ಡೆಟಾಲಿನ ವಾಸನೆಗೆ ಕರವಸ್ತ್ರ ಹಿಡಿದಿದ್ದ. ಅಮ್ಮನ ಕಣ್ಣು ತೆರೆದೇ ಇತ್ತು ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಕ್ಕನನ್ನೇ ಕೇಳಿದ. ಆಯ್ತು, ಮನೆಯಲ್ಲಿ ಮೇಜಿನ ಮೇಲಿದೆ ಎಂದಳು ಅಕ್ಕ. ಅವನು ಅಲ್ಲಿಂದಲೇ ತಿರುಗಿ ಹೋದ. ಬೆಳಗಾಗುವುದರಲ್ಲಿ ಅಮ್ಮ ಇರಲಿಲ್ಲ. ಆ ಮಾತು ಬಲ್ಲವರು ಮೂವರು. ಒಬ್ಬಳು ಸತ್ತಳು, ಒಬ್ಬ ಯಾರಿಗೂ ಹೇಳಲಿಲ್ಲ, ಇನ್ನೊಬ್ಬಳು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಆ ಮಾತೆತ್ತಿಲ್ಲ. ಬೈದಿದ್ದರೆ ಅವನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದ. ಅಷ್ಟು ಉಪಕಾರವನ್ನೂ ಅವಳು ಮಾಡಲಿಲ್ಲ.

'ಸರ್, ಒಂದ್ನಿಮಿಷ ಬರ್ತೀರಾ?' ಎಂದು ಸಂಪಾದಕಿ ಕರೆದಾಗ, ಬೆಳಗಿನಿಂದ ಕಾಯುತ್ತಿದ್ದ ಪ್ರಶ್ನೆ ಇದೇ ಎಂದು ಅವನಿಗೆ ತಿಳಿದುಹೋಯಿತು. ಸಂಪಾದಕಿ ಬಂದು ಐದು ತಿಂಗಳಾಗಿದೆ. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅವನು ಕೋಣೆಗೆ ಬಂದರೆ ಎದ್ದು ನಿಲ್ಲುತ್ತಾಳೆ, ಅದೇ ಅವನಿಗೆ ಹಿಂಸೆ. ಮೇಜಿನ ಮೇಲೆ ಹಳೆಯ ಕರಡುಗಳ ಕಟ್ಟುಗಳಿದ್ದವು, ಹದಿನೇಳು ವರ್ಷದವು, ಪ್ರತಿಯೊಂದರಲ್ಲೂ ಒಂದೊಂದು ಹಳದಿ ಚೀಟಿ.

'ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕೆ ಹೊರಟಿದ್ದಲ್ಲ,' ಎಂದಳು. 'ನಿಮ್ಮ ಗುರುತು ನೋಡಿ ಕಲಿಯೋಣ ಅಂತ ಹಳೇ ಕಟ್ಟು ಬಿಚ್ಚಿದೆ. ಮೂವತ್ತೇಳು ಲೇಖನದಲ್ಲಿ ಈ ಪುಸ್ತಕ ಬಂದಿದೆ. ಮೂವತ್ತೇಳರಲ್ಲೂ ಇದೊಂದಕ್ಕೆ ಗುರುತಿಲ್ಲ. ಗುರುತಿಲ್ಲದೇ ನೀವು ಅಚ್ಚಿಗೆ ಬಿಟ್ಟಿರೋದು ಇದೊಂದನ್ನೇ, ಸರ್.'

ಅವನು ಹಳದಿ ಚೀಟಿಗಳನ್ನು ನೋಡಿದ. ಎಲ್ಲವೂ ಒಂದೇ ಅಳತೆಗೆ ಹೊರಚಾಚಿದ್ದವು. ಅಚ್ಚುಕಟ್ಟಾದ ಹುಡುಗಿ ಎಂದು ಮೆಚ್ಚಿಕೊಂಡ, ಆ ಹೊತ್ತಿನಲ್ಲೂ.

'ಈ ಮನೆತನದ ಹೆಸರು ನಿಮ್ಮದೇ ಅಲ್ವಾ? ಸಂಬಂಧಿಕರಾ?'

'ಅಲ್ಲ ಮೇಡಂ,' ಎಂದ. 'ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ.'

ಮೂವತ್ತು ವರ್ಷದ ಹಿಂದೆ ಮುನ್ನುಡಿಯಲ್ಲಿ ಮಾಡಿದ್ದನ್ನೇ ಈಗ ಬಾಯಲ್ಲಿ ಮಾಡಿದ್ದ, ಅಷ್ಟೇ ಸಲೀಸಾಗಿ. ಸಂಪಾದಕಿ ತಲೆಯಾಡಿಸಿದಳು. ನಾಳೆ ಹನ್ನೊಂದಕ್ಕೆ ಪುಟ ಕಟ್ಟಬೇಕು, ಅಷ್ಟರಲ್ಲಿ ಪುಸ್ತಕ ಕಂಡರೆ ಗುರುತು ಹಾಕಿ, ಕಾಣದಿದ್ದರೆ ಹೊಡೆದು ಹಾಕಿ, ಈ ಮೂವತ್ತೇಳಕ್ಕೂ ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿಬಿಡೋಣ, ಇಂಥ ಲೇಖಕಿ ಇಲ್ಲ ಅಂತ, ಎಂದಳು. ಒಂದು ಚೀಟಿಯನ್ನೂ ಕೊಟ್ಟಳು. ಆಕರ ಸಂಖ್ಯೆ, ಇರಿಸಬೇಕೋ ತೆಗೆಯಬೇಕೋ, ಕಂಡವರು ಯಾರು, ಎಂದು ಮೂರು ಖಾನೆ. ಅವನು ಅದನ್ನು ಎರಡಾಗಿ ಮಡಚಿ ಜೇಬಿಗಿಟ್ಟುಕೊಂಡ. ಇಂಥ ಲೇಖಕಿ ಇಲ್ಲ. ಅಕ್ಕನ ಬಗ್ಗೆ ಆ ಸಾಲನ್ನು ಅವನು ತನ್ನ ಕೈಯಾರೆ ಬರೆಯಬೇಕು. ಬರೆಯದಿದ್ದರೆ ಮಾದರಿ ಹಾಳೆಯ ಕಥೆ ಹೇಳಬೇಕು, ಅದರ ಹಿಂದೆ ಬರುವ ನೋಟ್‌ಪುಸ್ತಕಗಳ ಕಥೆಯನ್ನೂ.

ಉಪನ್ಯಾಸಕಿಗೆ ಫೋನು ಮಾಡಿದ. ಲೇಖಕರ ಬಾಯಿಂದಲೇ ಅವರ ಸುಳ್ಳನ್ನು ಒಪ್ಪಿಸುವುದು ಅವನ ಕಸುಬೇ ಆಗಿತ್ತು, ಎರಡು ನಿಮಿಷದ ಕೆಲಸ. ಅವಳು ತಡವರಿಸುತ್ತಾಳೆ, ಎಲ್ಲೋ ನೋಡಿ ಬರ್ಕೊಂಡೆ ಅನ್ನುತ್ತಾಳೆ, ತಪ್ಪು ಅವಳ ತಲೆಗೆ ಹೋಗುತ್ತದೆ. ಆದರೆ ಆ ಉದ್ಧರಣೆಯ ಮಾತು ಎಲ್ಲಿಂದ ಬಂತು ಎಂಬ ಯೋಚನೆ ಬಂದು, ಗಂಟೆ ಬಾರಿಸುತ್ತಿದ್ದಂತೆ ಫೋನು ಇಟ್ಟುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅವಳು ಎತ್ತಿದಳು.

'ಪಕ್ಕದ ಕುರ್ಚೀನಾ ಸರ್? ಓದಿದೀನಿ. ಪೂರ್ತಿ ಓದಿದೀನಿ,' ಎಂದಳು. 'ವಿಶ್ವವಿದ್ಯಾಲಯದ ಲೈಬ್ರರೀಲಿ. ನೀಲಿ ರಟ್ಟು, ಹಳೇದು. ನನ್ನ ಅತ್ತೆ ಮಲಗಿದ್ದಾಗ ಅವರ ಪಕ್ಕ ಕೂತ್ಕೊಂಡೇ ಓದಿದ್ದು. ನೀವು ನಗ್ತೀರೇನೋ, ಕೆಲವು ಕಡೆ ಅಳು ತಡ್ಕೊಳ್ಳೋಕಾಗ್ಲಿಲ್ಲ.'

'ಇನ್ನೂರ ಹದಿನಾಲ್ಕನೇ ಪುಟ,' ಎಂದ ಅವನು.

'ಹೌದು ಸರ್. ಸಂಖ್ಯೆ ಒಂದೆರಡು ಆಚೀಚೆ ಆಗಿರಬಹುದು, ಪುಸ್ತಕ ವಾಪಸ್ ಕೊಟ್ಟಮೇಲೆ ಬರೆದದ್ದು. ಆದರೆ ಆ ಜಾಗದಲ್ಲಿ ಅಂಚಿನಲ್ಲಿ ಯಾರೋ ಪೆನ್ಸಿಲಲ್ಲಿ ಗುರುತು ಹಾಕಿದ್ರು. ಸಣ್ಣದು, ತುದಿ ಸ್ವಲ್ಪ ಬಾಗಿತ್ತು.'

ಅವನು ತನ್ನ ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟ. ಏನಾದರೂ ಕೇಳಬೇಕೆಂದು ಕೇಳಿದ, 'ಹನ್ನೆರಡನೇ ಆಕರ? ಆ ಪ್ರಬಂಧ? ಅದನ್ನೂ ಓದಿದ್ರಾ?'

'ನಿಜ ಹೇಳ್ಬೇಕು ಅಂದ್ರೆ ಇಲ್ಲ ಸರ್,' ಎಂದಳು. 'ಎಲ್ಲರೂ ಹಾಕ್ತಾರಲ್ಲ ಅಂತ ನಾನೂ ಹಾಕಿದೆ. ಬೇಕಾದ್ರೆ ತೆಗೆದುಬಿಡಿ.' ಪ್ರಬಂಧ ಬರೆದವನ ಜೊತೆಯೇ ಮಾತಾಡುತ್ತಿದ್ದೇನೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಅವನು ಫೋನಿನಲ್ಲಿ ಯಾವತ್ತೂ ಹೆಸರು ಹೇಳುವವನಲ್ಲ, ಆಕರ ವಿಭಾಗ ಎಂದಷ್ಟೇ ಹೇಳುತ್ತಾನೆ.

ಗ್ರಂಥಾಲಯಕ್ಕೆ ನಡೆದೇ ಹೋದ. ಮಧ್ಯಾಹ್ನದ ಬಿಸಿಲು, ಅಂಗಡಿಗಳ ಮುಂದೆ ನೆರಳು ಬುಡಕ್ಕೆ ಸೇರಿಕೊಂಡಿತ್ತು, ದಾರಿಯಲ್ಲಿ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತು ಯಾರಿಗೋ ಕಾಯುತ್ತಿದ್ದಳು, ಇನ್ನೊಂದು ಮೆಟ್ಟಿಲ ಮೇಲೆ ಇನ್ನೊಬ್ಬಳು. ಇಷ್ಟು ಜನ ಹೀಗೆ ಕೂತಿರುತ್ತಾರೆಂದು ಅವನು ಗಮನಿಸಿರಲಿಲ್ಲ. ಎಲ್ಲರೂ ತನ್ನನ್ನು ನೋಡಿ, ಗುರುತು ಸಿಕ್ಕವರಂತೆ, ಮುಖ ತಿರುಗಿಸುತ್ತಿದ್ದಾರೆ ಎನ್ನಿಸಿ ಹೆಜ್ಜೆ ಜೋರು ಮಾಡಿದ. ಮೂರನೆಯ ಅಂತಸ್ತಿನ ಆ ಸಾಲು ಅವನಿಗೆ ಚಿರಪರಿಚಿತ. ವರ್ಷಕ್ಕೊಂದು ಸಲ, ಬೇರೆ ಏನನ್ನೋ ಹುಡುಕುವ ನೆಪದಲ್ಲಿ, ತನ್ನ ಪ್ರಬಂಧದ ಬೆನ್ನು ಸವರಿ ಬರುತ್ತಾನೆ. ಅದು ಇತ್ತು, ಮರೂನು ರಟ್ಟು, ಚಿನ್ನದ ಅಕ್ಷರ. ಹೊರಗೆಳೆದು ಹಿಂದಿನ ಚೀಟಿ ನೋಡಿದ. ತೆಗೆದುಕೊಂಡವರ ತಾರೀಖು ಒತ್ತುವ ಖಾನೆಗಳು ಮೂವತ್ತು ವರ್ಷದಿಂದ ಖಾಲಿಯಾಗಿಯೇ ಇದ್ದವು. ಅದನ್ನು ವಾಪಸು ಇಡುವಾಗ ಎಡಗಡೆ ಜಾಗವಿದೆಯೆಂದು ಕೈಗೆ ತಿಳಿಯಿತು. ಎರಡು ಬೆರಳಗಲದ ಸಂದು. ಧೂಳಿನ ಮೇಲೆ ಪುಸ್ತಕವೊಂದು ನಿಂತಿದ್ದ ಅಚ್ಚು ಚೌಕವಾಗಿ, ಶುಚಿಯಾಗಿ ಉಳಿದಿತ್ತು. ಅವನು ಆ ಸಂದಿನಲ್ಲಿ ಬೆರಳಿಟ್ಟ. ಸುತ್ತಲಿನ ಕಬ್ಬಿಣ ತಣ್ಣಗಿತ್ತು, ಆ ಜಾಗ ಮಾತ್ರ ಈಗಷ್ಟೇ ಯಾರೋ ಎದ್ದು ಹೋದ ಆಸನದಷ್ಟು ಬೆಚ್ಚಗಿತ್ತು.

ಕೌಂಟರಿನ ಗ್ರಂಥಪಾಲಕ ಅವನ ಹಳೆಯ ಪರಿಚಯ, ಎಲ್ಲ ಮಾತನ್ನೂ ತಮಾಷೆ ಮಾಡುವವನು. ಪಕ್ಕದ ಕುರ್ಚಿ ಎಂದು ಕೇಳಿದೊಡನೆ 'ನಿಮಗೂ ಅದೇ ಬೇಕಾ?' ಎಂದ. 'ಒಂದೇ ಪ್ರತಿ ಸಾರ್. ಸರದಿಯಲ್ಲಿ ನಿಲ್ಲಿ. ಓದಿ ಓದಿ ಹೊಲಿಗೆ ಬಿಟ್ಟಿದೆ, ಎರಡು ಸಲ ರಿಪೇರಿ ಆಯ್ತು.'

'ಈಗ ಯಾರ ಹತ್ರ ಇದೆ?'

ಗ್ರಂಥಪಾಲಕ ದಫ್ತರದ ಪುಟ ತಿರುವಿ ಬೆರಳಾಡಿಸಿದ. ಬೆರಳು ನಿಂತಿತು. ತಲೆಯೆತ್ತಿ ಅವನನ್ನು ನೋಡಿದ, ಮತ್ತೆ ದಫ್ತರ ನೋಡಿದ. 'ಏನ್ ಸಾರ್, ನನ್ನನ್ನ ಪರೀಕ್ಷೆ ಮಾಡ್ತಿದೀರಾ? ನಿಮ್ಮ ಮನೇಲೇ ಇದೆಯಲ್ಲ. ನಿಮ್ಮದೇ ವಿಳಾಸ. ಬೆಳಿಗ್ಗೆ ತಾನೇ ತೊಗೊಂಡು ಹೋಗಿದಾರೆ.'

ಸಹಿಯ ಖಾನೆಯನ್ನು ಅವನು ತಲೆಕೆಳಗಾಗಿಯೇ ಓದಿದ. ಮೊದಲಕ್ಷರ, ಚುಕ್ಕಿ. ಅಕ್ಕ ಮನೆಯ ಹೊಸ್ತಿಲು ದಾಟಿ ನಾಲ್ಕು ವರ್ಷವಾಗಿದೆ. ಮಂಡಿ ನೋವು. ಮೇಲೆ ಎರಡು ಕಣ್ಣಿಗೂ ಪೊರೆ, ಆಪರೇಷನ್ ಬೇಡ ಎಂದು ಹಟ ಹಿಡಿದು ಕೂತಿದ್ದಾಳೆ, ನೋಡೋದೆಲ್ಲ ನೋಡಿ ಆಯ್ತಲ್ಲ ಎನ್ನುತ್ತಾಳೆ. ಬೆಳಕು ಕತ್ತಲೆ ತಿಳಿಯುತ್ತದೆ, ಮನುಷ್ಯರ ಆಕಾರ ತಿಳಿಯುತ್ತದೆ, ಅಕ್ಷರ ಕಾಣುವುದಿಲ್ಲ. 'ಯಾರು ಬಂದಿದ್ರು? ನೋಡಿದ್ರಾ ನೀವು?' ಎಂದು ಕೇಳಿದ. ಬೆಳಗಿನ ಪಾಳಿ ನನ್ನದಲ್ಲ ಎಂದ ಗ್ರಂಥಪಾಲಕ, ಈ ಸಲ ತಮಾಷೆಯಿಲ್ಲದೆ.

ಬಸ್ಸಿನಲ್ಲಿ ಕೂರಲು ಜಾಗವಿತ್ತು, ಅವನು ನಿಂತೇ ಇದ್ದ. ಯಾರೋ ಆಟ ಆಡಿಸುತ್ತಿದ್ದಾರೆ ಎಂದುಕೊಂಡ. ಅಕ್ಕನೇ ಇರಬೇಕು, ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಗುಟ್ಟಾಗಿ ಬರೆದು, ಯಾರ ಕೈಯಲ್ಲೋ ಅಚ್ಚು ಹಾಕಿಸಿ, ತಮಾಷೆ ನೋಡುತ್ತಿರಬೇಕು. ಹಾಗೆ ನಂಬಲು ತುಂಬ ಪ್ರಯತ್ನಪಟ್ಟ. ಹಾಗಿದ್ದರೆ ಆ ಗುರುತು? ಅದಕ್ಕೂ ಏನಾದರೂ ಇರುತ್ತದೆ ಎಂದುಕೊಂಡ. ಇಪ್ಪತ್ತೇಳು ವರ್ಷ ಆಧಾರವಿಲ್ಲದ ಒಂದು ಮಾತನ್ನೂ ಬಿಡದವನು ಈಗ ಆಧಾರವಿಲ್ಲದ ಮಾತುಗಳನ್ನೇ ಒಂದರ ಮೇಲೊಂದು ಪೇರಿಸಿಕೊಂಡು ಮನೆಯವರೆಗೆ ಬಂದ. ಬಾಗಿಲು ತೆರೆದೇ ಇತ್ತು. ಐದು ಗಂಟೆಯ ಬಿಸಿಲು ಒಳಕೋಣೆಯ ಅರ್ಧದವರೆಗೆ ಹಾಸಿತ್ತು. ಅಕ್ಕ ಕಿಟಕಿಯ ಹತ್ತಿರ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಅದರ ಮೇಲೆ ಯಾವಾಗಲೂ ಮಡಚಿದ ಬಟ್ಟೆ ಇರುತ್ತದೆ, ಹಾಗಾಗಿ ಅವನು ಕೂರುವುದಿಲ್ಲ, ಕೂರಬಾರದೆಂದೇ ಅವಳು ಬಟ್ಟೆ ಇಡುತ್ತಾಳೆಂದು ಅವನ ನಂಬಿಕೆ. ಇವತ್ತು ಆ ಕುರ್ಚಿಯ ಮೇಲೆ ಏನೂ ಇರಲಿಲ್ಲ.

'ಬೇಗ ಬಂದ್ಯಲ್ಲ ಮರಿ,' ಎಂದಳು.

'ಬೆಳಿಗ್ಗೆ ಯಾರಾದರೂ ಬಂದಿದ್ರಾ?'

'ಯಾರು ಬರ್ತಾರೆ ಇಲ್ಲಿಗೆ.'

ಅವನು ಒಳಕೋಣೆಯ ಬಾಗಿಲಲ್ಲೇ ನಿಂತ. ಚೀಲದಿಂದ ಕರಡು ತೆಗೆದ. ಅವಳ ಸುತ್ತ ಕಣ್ಣಾಡಿಸಿದ, ಮಂಚ, ರೇಡಿಯೋ, ನೀರಿನ ಲೋಟ. ನೀಲಿ ರಟ್ಟಿನದು ಏನೂ ಕಾಣಲಿಲ್ಲ. ಅವಳ ಕೈಗಳೆರಡೂ ಮಡಿಲ ಮೇಲೆ ಸ್ವಲ್ಪ ಅಗಲವಾಗಿ, ಏನನ್ನೋ ಹಿಡಿದುಕೊಂಡಂತೆ ಇದ್ದವು.

'ಒಂದು ಓದ್ತೀನಿ, ಕೇಳು,' ಎಂದು ಹೇಳಿ ಓದಿದ. ವಾರ್ಡಿನ ಬಾಗಿಲವರೆಗೆ ಬಂದು ನಿಂತುಬಿಡುವವರದು. ಕುರ್ಚಿ ಖಾಲಿ ಇದ್ದರೂ. ಒಬ್ಬ ಮಗ ಬೂಟು ಬಿಚ್ಚದೆ ನಿಂತು. ಗೋಡೆಯ ಕಡೆ ತಿರುಗಿದಳು ಎಂದು ಮುಗಿಸಿ, ಅಭ್ಯಾಸದಂತೆ ಪುಟಸಂಖ್ಯೆಯನ್ನೂ ಓದಿದ. ಇನ್ನೂರ ಹದಿನಾಲ್ಕು.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

'ಪುಟ ತಪ್ಪಿದೆ,' ಎಂದಳು ಅಕ್ಕ. 'ಅದಿರೋದು ಇನ್ನೂರ ಹನ್ನೆರಡರಲ್ಲಿ. ಹದಿನಾಲ್ಕರಲ್ಲಿ ಇರೋದು ನೀನು ಹೋದಮೇಲೆ ಅಮ್ಮ ಅಂದ ಮಾತು.'

ಅವನಿಗೆ ಭಯವಾಯಿತು, ಮಗುವಿಗೆ ಆಗುವಂಥದ್ದು, ಕಾರಣ ಕೇಳದ ಭಯ. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ಅಮ್ಮ ಆಮೇಲೆ ಮಾತಾಡಿದಳೆಂದು ಅವನಿಗೆ ಗೊತ್ತಿರಲಿಲ್ಲ. ಮುಖ ತಿರುಗಿಸಿದ ಹಾಗೇ ಹೋಗಿಬಿಟ್ಟಳು ಎಂದು ಮೂವತ್ತೊಂದು ವರ್ಷ ನಂಬಿಕೊಂಡು ಬಂದಿದ್ದ.

'ಏನಂದ್ಲು ಅಮ್ಮ?'

'ಬಾಗಿಲಲ್ಲಿ ನಿಂತ್ಕೊಂಡು ಕೇಳೋ ಮಾತಲ್ಲ ಅದು.'

ಅವನು ಕೆಳಗೆ ನೋಡಿದ. ಬೂಟು ಕಾಲಲ್ಲೇ ಇತ್ತು. ಬಗ್ಗಿ ದಾರ ಬಿಚ್ಚಲು ಹೋದರೆ ಗಂಟು ಬಿಗಿದುಕೊಂಡಿತು, ಅಲ್ಲೇ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಒಂದೊಂದಾಗಿ ಬಿಚ್ಚಿದ. ಅಕ್ಕ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಹೊಸದಲ್ಲ. ಬರಿಗಾಲಲ್ಲಿ ಬಿಸಿಲು ದಾಟಿ ಬಂದು ಆ ಪಕ್ಕದ ಕುರ್ಚಿಯಲ್ಲಿ ಕೂತ. ಕೂತಾಗ ಅದು ಕಿರುಗುಟ್ಟಿತು. ಅಷ್ಟು ಹತ್ತಿರದಿಂದ ಅವನು ಅಕ್ಕನನ್ನು ನೋಡಿ ಎಷ್ಟು ಕಾಲವಾಗಿತ್ತೋ, ಅವಳ ಕಿವಿಯ ಮೇಲೆ ಅಮ್ಮನ ಹಾಗೆಯೇ ಒಂದು ಮಚ್ಚೆ ಇತ್ತು. ಕರಡನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲು ತೆಗೆದ. ಹದಿನಾಲ್ಕನ್ನು ಹನ್ನೆರಡು ಮಾಡಿದ. ಸಂಪಾದಕಿ ಕೊಟ್ಟ ಚೀಟಿ ಬಿಡಿಸಿ, ಹನ್ನೊಂದನೆಯ ಆಕರದ ಮುಂದೆ ಇರಿಸಬೇಕು ಎಂದು ಬರೆದ. ಕಂಡವರು ಯಾರು ಎಂಬ ಖಾನೆಯಲ್ಲಿ ಅಕ್ಕನ ಹೆಸರು ಬರೆದ, ಮೊದಲಕ್ಷರವಲ್ಲ, ಪೂರ್ತಿ ಹೆಸರು, ಮಗ್ಗುಲಲ್ಲಿ 'ನನ್ನ ಸ್ವಂತ ಅಕ್ಕ' ಎಂದು. ಆಮೇಲೆ ಹನ್ನೆರಡನೆಯ ಆಕರದ ಮೇಲೆ, ತನ್ನ ಹೆಸರು, ಅಲ್ಪವಿರಾಮ, ಚುಕ್ಕಿ, ವರ್ಷ ಎಲ್ಲದರ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದ. ಚೀಟಿಯಲ್ಲಿ ಅದರ ಮುಂದೆ, ಬರೆದವನು ಯಾರನ್ನೂ ಕಂಡಿಲ್ಲ, ತೆಗೆಯಬೇಕು ಎಂದು ಬರೆದ. ನಾಳೆ ಹನ್ನೊಂದಕ್ಕೆ ಇದನ್ನು ಆ ಎದ್ದು ನಿಲ್ಲುವ ಹುಡುಗಿಯ ಕೈಗೆ ಕೊಡಬೇಕು. ಗೆರೆ ನೇರವಾಗಿ ಬಂದಿತ್ತು.

ಅಕ್ಕನಿಗೆ ಇದ್ಯಾವುದೂ ಕಾಣುವಂತಿರಲಿಲ್ಲ. ಬಾಯಿಬಿಟ್ಟು ಹೇಳಲೇಬೇಕಾಗಿತ್ತು.

'ನನ್ನದನ್ನ ಹೊಡೆದು ಹಾಕಿದೆ ಅಕ್ಕ,' ಎಂದ. 'ಆ ನಾನ್ನೂರ ಹನ್ನೆರಡು ಜನ ನಿನ್ನವರು. ಅವರಲ್ಲಿ ಒಬ್ಬರನ್ನೂ ನಾನು ನೋಡಿಲ್ಲ. ಅವತ್ತೇ ಹೇಳಬೇಕಿತ್ತು.'

'ಹೂಂ,' ಎಂದಳು ಅಕ್ಕ. ಪೊರೆ ಬಂದ ಕಣ್ಣುಗಳನ್ನು ಎದುರಿನ ಗೋಡೆಯ ಮೇಲೆ ನೆಟ್ಟು, ಬಲಗೈಯ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಮಡಿಲ ಮೇಲೆ ಏನನ್ನೋ ತಿರುವಿದಳು. ಮಡಿಲಲ್ಲಿ ಏನೂ ಇರಲಿಲ್ಲ. ಹಳೆಯ ದಪ್ಪ ಕಾಗದ ಮಗುಚಿಕೊಂಡ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಒಂದು ಸಲ, ಇನ್ನೊಂದು ಸಲ.

'ಇನ್ನೂರ ಹದಿನಾಲ್ಕು,' ಎಂದಳು. ಬೆರಳಿಟ್ಟು ಸಾಲು ಹುಡುಕಿ, ಓದುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಓದಿದಳು: 'ಅವನು ಹೊರಟುಹೋದ್ನಾ? ಕುರ್ಚಿ ಖಾಲಿ ಇತ್ತಲ್ಲ. ಕೂತ್ಕೋ ಅಂತ ನಾನೇ ಹೇಳಬೇಕಿತ್ತು ಅವನಿಗೆ.'